ಖಡಕ್ ರೊಟ್ಟಿಯ ಊರಲ್ಲಿ ಆರ್ಕಿಡ್: ನೀರು ಎಷ್ಟು, ತೇವ ಎಷ್ಟು?

ವಿಜಯಪುರದ ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ ಮಾಡಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿ ಇಟ್ಟರೆ ಮೂರು ವಾರವಾದರೂ ಮುರಿಯುವಾಗ ಸದ್ದು ಬರುತ್ತದೆ. ಅದೇ ರೊಟ್ಟಿಯನ್ನು ಜುಲೈನಲ್ಲಿ ಬೆಳಗಾವಿಗೆ, ಅಕ್ಕನ ಮನೆಗೆ ಒಯ್ದರೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. "ನಿಮ್ಮ ರೊಟ್ಟಿ ಇಲ್ಲಿ ಚಪಾತಿ ಆಗ್ಯಾವ ನೋಡವಾ" ಅಂತ ಅಕ್ಕ ಫೋನ್ ಮಾಡಿ ನಗುತ್ತಾಳೆ. ಆರ್ಕಿಡ್ ಬಗ್ಗೆ ಬರೆಯಲು ಕೂತು ರೊಟ್ಟಿಯ ಸುದ್ದಿ ಯಾಕೆ ಅಂತೀರಾ? ನಿಮ್ಮ ಮನೆಯ ಗಾಳಿ ಎಷ್ಟು ಒಣಗಿದೆ ಅನ್ನೋದನ್ನು ರೊಟ್ಟಿಯಷ್ಟು ಚೆನ್ನಾಗಿ ಇನ್ಯಾರೂ ಹೇಳುವುದಿಲ್ಲ. ಅದು ಗೊತ್ತಾಗದೆ ಆರ್ಕಿಡ್‌ಗೆ ನೀರು ಹಾಕಲು ಹೋದರೆ ನನ್ನ ಹಾಗೆ ಆಗುತ್ತದೆ.

ನನ್ನ ಮೊದಲ ಆರ್ಕಿಡ್ ತಂದಿದ್ದು ಮಾರ್ಚ್ ತಿಂಗಳಲ್ಲಿ. ನಾಲ್ಕು ಇಂಚಿನ ಕುಂಡ, ಐದು ಎಲೆ, ಒಂದು ದಂಟಿನಲ್ಲಿ ಏಳು ನೇರಳೆ ಹೂವು. ಕೊಟ್ಟ ನರ್ಸರಿಯವರು, "ದಿನಾ ಒಂದ್ ಕಪ್ ನೀರ್ ಹಾಕ್ರಿ ಅಕ್ಕಾರ, ಏನೂ ಆಗಂಗಿಲ್ಲ" ಅಂದರು. ಹಾಕಿದೆ. ಮೂರನೇ ವಾರ ಎಲೆ ಸುಕ್ಕುಗಟ್ಟಿದವು. ಬಿಸಿಲಿಗೆ ಬಾಯಾರಿದೆ ಅಂದುಕೊಂಡು ಒಂದು ಕಪ್ ಹೋಗಿ ಎರಡಾಯಿತು. ಏಪ್ರಿಲ್ ಮುಗಿಯುವಷ್ಟರಲ್ಲಿ ಎಲೆ ಹಿಡಿದು ಮೆಲ್ಲಗೆ ಎತ್ತಿದರೆ ಗಿಡವೇ ಕೈಗೆ ಬಂತು. ಕೆಳಗೆ ಬೇರು ಇರಲಿಲ್ಲ. ನೆನೆಸಿಟ್ಟ ಶಾವಿಗೆಯಂಥ ಕಂದು ಎಳೆಗಳಿದ್ದವು, ಹಿಂಡಿದರೆ ಕೊಳೆತ ನೀರು.

ಆಮೇಲೆ ತಿಳಿಯಿತು. ಗಾಳಿ ಒಣಗಿದ್ದಕ್ಕೆ ಎಲೆ ಬಾಡಿತ್ತು, ನಾನು ಬೇರಿಗೆ ನೀರು ಸುರಿದಿದ್ದೆ. ಬೇರಿನ ನೀರು ಬೇರೆ, ಗಾಳಿಯ ತೇವ ಬೇರೆ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಬರುವುದಿಲ್ಲ. ವಿಜಯಪುರ, ಬಾಗಲಕೋಟೆಯಂಥ ಊರಲ್ಲಿ ಆರ್ಕಿಡ್ ಸಾಯುವುದು ಬಹಳ ಸಲ ಈ ಒಂದು ಗೊಂದಲದಿಂದಲೇ.

ಮೊದಲು ಬೇರನ್ನು ನೋಡಿ

ಅಂಗಡಿಯಲ್ಲಿ ಸಿಗುವ ಚಿಕ್ಕ ಕುಂಡದ ಆರ್ಕಿಡ್ ಸಾಮಾನ್ಯವಾಗಿ ಫಲೆನಾಪ್ಸಿಸ್. ಅಗಲವಾದ ದಪ್ಪ ಎಲೆ, ಚಿಟ್ಟೆಯಂಥ ಹೂವು. ಕಬ್ಬಿನ ಜಲ್ಲೆಯ ಹಾಗೆ ಗಂಟುಗಂಟಾದ ಕಾಂಡ ಇದ್ದರೆ ಅದು ಡೆಂಡ್ರೋಬಿಯಂ. ಅದು ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ, ಸ್ವಲ್ಪ ಗಟ್ಟಿ ಗಿಡ. ಇಲ್ಲಿ ನಾನು ಹೇಳುವುದೆಲ್ಲ ಫಲೆನಾಪ್ಸಿಸ್ ಬಗ್ಗೆ.

ಇದು ಮಣ್ಣಿನ ಗಿಡ ಅಲ್ಲ. ಇದರ ತವರು ಆಗ್ನೇಯ ಏಷ್ಯಾದ ಮಳೆಕಾಡು, ಅಲ್ಲಿ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುತ್ತದೆ. ದೂರ ಯಾಕೆ, ಬೆಳಗಾವಿ ಜಿಲ್ಲೆಯ ಖಾನಾಪುರ, ಲೋಂಡಾ ಕಡೆ ಮಳೆ ಶುರುವಾಗುವ ಹೊತ್ತಿಗೆ ಮರದ ಕೊಂಬೆಯಿಂದ ಜಡೆಯ ಹಾಗೆ ಇಳಿಬೀಳುವ ತಿಳಿಗುಲಾಬಿ ಹೂವು ನೋಡಿದ್ದೀರಲ್ಲ? ಸೀತಾಳೆ ದಂಡೆ ಅನ್ನುತ್ತಾರೆ. ಅದೂ ಆರ್ಕಿಡ್ಡೇ. ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸುಮ್ನೆ ಕೂರಲು ಜಾಗ ಕೇಳುತ್ತದೆ ಅಷ್ಟೇ. (ಕಾಡಿನಿಂದ ಕಿತ್ತು ತರಬೇಡಿ. ಅದು ತಪ್ಪು, ಮೇಲಾಗಿ ಮನೆಯಲ್ಲಿ ಬದುಕುವುದೂ ಕಡಿಮೆ.) ಮಳೆ ಬಂದಾಗ ಬೇರು ಪೂರ್ತಿ ತೊಯ್ಯುತ್ತದೆ, ಮಳೆ ನಿಂತ ಮೇಲೆ ಗಾಳಿಗೆ ಒಣಗುತ್ತದೆ. ತೊಯ್ಯುವುದು, ಒಣಗುವುದು, ಎರಡೂ ಬೇಕು. ಮಳೆ ಇಲ್ಲದ ಹೊತ್ತಲ್ಲೂ ಆ ಕಾಡಿನ ಗಾಳಿಯಲ್ಲಿ ತೇವ ಇರುತ್ತದೆ.

ಒಂದು ಸಣ್ಣ ಪ್ರಯೋಗ ಮಾಡಿ. ಕುಂಡದ ಹೊರಗೆ ಚಾಚಿಕೊಂಡ ಒಂದು ಒಣ ಬೇರು ಹುಡುಕಿ. ಬೂದು ಬೆಳ್ಳಿ ಬಣ್ಣ, ಮುಟ್ಟಿದರೆ ಕಾಗದದ ಹಾಗೆ. ಅದರ ಮೇಲೆ ಒಂದು ಚಮಚ ನೀರು ಬಿಡಿ. ನೀವು ನೋಡುತ್ತಿದ್ದ ಹಾಗೆಯೇ ಬೂದಿ ಬಣ್ಣ ಹೋಗಿ ಹಸಿರು ಮೂಡುತ್ತದೆ, ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆ ಉಳಿಯುತ್ತವೆ. ಬೇರಿನ ಹೊರಗೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ಸತ್ತ ಕೋಶಗಳ ಪದರ ಅದು. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ, ನೀರು ತುಂಬಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಹಸಿರಿದ್ದರೆ ನೀರು ಬೇಡ, ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬೇಕು. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆಯಿತು.

ಬೇರು ಕಾಣಬೇಕು ಅಂದಮೇಲೆ ಕುಂಡ ಪಾರದರ್ಶಕ ಆಗಿರಬೇಕು, ಅಲ್ವಾ? ಆರ್ಕಿಡ್ ಕುಂಡ ಅಂತಲೇ ಸಿಗುತ್ತವೆ. ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಕಾದ ಮೊಳೆಯಿಂದ ತಳದಲ್ಲಿ ಎಂಟು, ಪಕ್ಕದಲ್ಲಿ ಹತ್ತು ತೂತು ಮಾಡಿ.

ಕುಂಡದೊಳಗೆ ಏನಿದೆ?

ನೀರಿನ ಲೆಕ್ಕ ಪೂರ್ತಿ ಇದರ ಮೇಲೆ ನಿಂತಿದೆ. ಪೈನ್ ಮರದ ತೊಗಟೆ, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ಹಾಕಿದ್ದರೆ ಬೇಗ ಒಣಗುತ್ತದೆ. ಒಣ ಪಾಚಿ, ಅಂದರೆ ಸ್ಫ್ಯಾಗ್ನಮ್ ಮಾಸ್, ತುಂಬಿದ್ದರೆ ವಾರಗಟ್ಟಲೆ ಹಸಿ ಹಿಡಿದಿಡುತ್ತದೆ. ಅಂಗಡಿಯಿಂದ ಬರುವ ಗಿಡಕ್ಕೆ ಪಾಚಿಯನ್ನು ಬಿಗಿಯಾಗಿ ತುರುಕಿರುತ್ತಾರೆ. ಮೇಲೆ ಒಣಗಿದಂತೆ ಕಾಣುತ್ತದೆ, ನಡುವೆ ಒದ್ದೆ ಉಂಡೆ ಇರುತ್ತದೆ. ನನ್ನ ಗಿಡ ಸತ್ತಿದ್ದು ಅಲ್ಲೇ.

ನಾನು ಈಗ ಬಳಸುವುದು ಎರಡು ಪಾಲು ತೆಂಗಿನ ಸಿಪ್ಪೆಯ ತುಂಡು, ಒಂದು ಪಾಲು ಇದ್ದಿಲು, ಮೇಲೆ ಒಂದು ಹಿಡಿ ಪಾಚಿ. ತುಂಡು ಹುಣಸೆಬೀಜಕ್ಕಿಂತ ದೊಡ್ಡದು, ಅಡಿಕೆಗಿಂತ ಚಿಕ್ಕದು ಇರಲಿ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ಎರಡು ದಿನ ನೆನೆಹಾಕಿ, ನೀರು ಮೂರ್ನಾಲ್ಕು ಸಲ ಬದಲಿಸಿ, ಕೊನೆಯ ನೀರು ಚಹಾದ ಬಣ್ಣ ಬಿಡುವುದು ನಿಂತ ಮೇಲೆ ಬಳಸಿ. ಬೆಳಗಾವಿಯ ಮಳೆಗಾಲಕ್ಕೆ ಪಾಚಿ ಬೇಡ, ಇದ್ದಿಲು ಜಾಸ್ತಿ ಹಾಕಿ. ಒಂದೂವರೆ ಎರಡು ವರ್ಷಕ್ಕೆ ಇದೆಲ್ಲ ಪುಡಿಯಾಗಿ ಗಾಳಿ ಆಡದಂತಾಗುತ್ತದೆ. ಆಗ ಬದಲಿಸಬೇಕು.

ಮಣ್ಣು ಮಾತ್ರ ಒಂದು ಚಮಚವೂ ಬೇಡ. ನಮ್ಮ ಎರೆಮಣ್ಣಂತೂ ಬೇಡವೇ ಬೇಡ. ಜೋಳಕ್ಕೆ ಅದು ಚಿನ್ನ, ಆರ್ಕಿಡ್ ಬೇರಿಗೆ ಸಿಮೆಂಟು.

ಯಾವ ನೀರು?

ವಿಜಯಪುರದಲ್ಲಿ ಬೋರ್ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಹೇಳಬೇಕಾಗಿಲ್ಲ. ಆ ಬಿಳಿ ಪದರವೇ ಬೇರಿನ ಸ್ಪಂಜಿನ ಮೇಲೂ ಕೂರುತ್ತದೆ. ಮೊದಲು ಬೇರಿನ ತುದಿ ಕಪ್ಪಾಗುತ್ತದೆ, ಆಮೇಲೆ ಎಲೆಯ ತುದಿ ಸುಡುತ್ತದೆ.

ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಅಳೆಯಿರಿ. 200ರ ಒಳಗೆ ಇದ್ದರೆ ಚಿಂತೆ ಇಲ್ಲ. 500 ದಾಟಿದರೆ ಆ ನೀರು ಬೇಡ. ಮನೆಯಲ್ಲಿ ಆರ್‌ಒ ಇದ್ದರೆ ಕುಡಿಯುವ ಕಡೆಯ ನೀರು ಹಾಕಿ. ಹೊರಗೆ ಹೋಗುವ ವೇಸ್ಟ್ ನೀರು ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಸೆಪ್ಟೆಂಬರ್ ಮಳೆಯಲ್ಲಿ ಮಾಳಿಗೆಯ ನೀರು ಎರಡು ಕೊಡ ಹಿಡಿದಿಟ್ಟರೆ ಒಂದು ಚಿಕ್ಕ ಗಿಡಕ್ಕೆ ತಿಂಗಳುಗಟ್ಟಲೆ ಸಾಕು. ಮುಚ್ಚಿಡಿ, ಇಲ್ಲದಿದ್ದರೆ ಸೊಳ್ಳೆ.

"ನೀರು ರಾತ್ರಿಯಿಡೀ ತೆರೆದಿಟ್ಟರೆ ಸರಿಹೋಗುತ್ತದೆ" ಅಂತ ಕೆಲವರು ಹೇಳುತ್ತಾರೆ. ಕ್ಲೋರಿನ್ ವಾಸನೆ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟನರ್ ನೀರೂ ಬೇಡ, ಅದರಲ್ಲಿ ಸೋಡಿಯಂ ಸೇರಿರುತ್ತದೆ. ಆರ್‌ಒ ನೀರು ಸಾಲದೆ ಬೋರ್ ನೀರು ಬಳಸಲೇಬೇಕೆಂದರೆ ಅರ್ಧ ಅದು, ಅರ್ಧ ಆರ್‌ಒ ಬೆರೆಸಿ. ತಿಂಗಳಿಗೊಮ್ಮೆ ಬರೀ ಆರ್‌ಒ ನೀರು ಎರಡು ಲೀಟರ್ ಕುಂಡದ ಮೂಲಕ ಹರಿಸಿ, ಕೂತ ಉಪ್ಪು ತೊಳೆದುಹೋಗಲಿ.

ಯಾವಾಗ ಹಾಕಬೇಕು?

ಸೋಮವಾರ, ಗುರುವಾರ ಅಂತ ವಾರ ಕಟ್ಟಬೇಡಿ. ಅದು ಉಪವಾಸಕ್ಕೆ ಸರಿ. ಗಿಡಕ್ಕೆ ಮೂರು ಪರೀಕ್ಷೆ ಇವೆ, ಎರಡು ಒಂದೇ ಮಾತು ಹೇಳಿದರೆ ನೀರು ಹಾಕಿ.

ಒಂದು, ಬೇರಿನ ಬಣ್ಣ. ಪಾರದರ್ಶಕ ಕುಂಡದ ಒಳಗೋಡೆಯಲ್ಲಿ ಹಬೆಯ ಹನಿ ಇದ್ದರೆ ಇನ್ನೂ ಒದ್ದೆ ಇದೆ.

ಎರಡು, ಅಗರಬತ್ತಿ ಕಡ್ಡಿ. ದೇವರ ಮುಂದೆ ಸುಟ್ಟು ಉಳಿದ ಬಿದಿರಿನ ಕಡ್ಡಿ ದಿನಾ ಬಿಸಾಡುತ್ತೇವಲ್ಲ, ಅದನ್ನೇ ಎತ್ತಿಡಿ. ತುದಿಯ ಕರಿ ಒರೆಸಿ, ಬೇರಿಗೆ ಚುಚ್ಚದಂತೆ ಕುಂಡದ ಅಂಚಿನಿಂದ ಆಳಕ್ಕೆ ಇಳಿಸಿ. ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಗೆ ತಣ್ಣಗಿದ್ದರೆ ಇವತ್ತು ನೀರು ಬೇಡ.

ಮೂರು, ತೂಕ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಅಡುಗೆಮನೆಯ ತಕ್ಕಡಿಯಲ್ಲಿ ನನ್ನ ಈಗಿನ ಗಿಡ ನೀರು ಕುಡಿದು ಸೋರಿದ ಮೇಲೆ 410 ಗ್ರಾಂ, ಒಣಗಿದಾಗ 290. ಮುನ್ನೂರರ ಹತ್ತಿರ ಬಂದರೆ ಮರುದಿನ ಬೆಳಿಗ್ಗೆ ನೀರು. ಈಗ ತಕ್ಕಡಿಯೂ ಬೇಡ, ಕೈಯೇ ಹೇಳುತ್ತದೆ. ನಿಮ್ಮ ಗಿಡದ ಅಂಕಿ ಬೇರೆ ಇರುತ್ತದೆ, ಒಂದು ಸಲ ಬರೆದಿಟ್ಟುಕೊಳ್ಳಿ.

ಅಂದಾಜಿಗೆ ಹೇಳುವುದಾದರೆ, ನಾಲ್ಕು ಇಂಚಿನ ಕುಂಡದಲ್ಲಿ ಸಿಪ್ಪೆ-ಇದ್ದಿಲು ಇದ್ದರೆ ವಿಜಯಪುರದ ಏಪ್ರಿಲ್‌ನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಬೆಳಗಾವಿಯ ಜುಲೈನಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ನೀರು. ಒಂದೇ ಗಿಡ, ಒಂದೇ ಕುಂಡ. ಊರು ಬದಲಾದರೆ ಇಷ್ಟು ಫರಕು. ಹಾಗಾಗಿ ವಾರಕ್ಕೊಮ್ಮೆ ಅನ್ನುವ ಸಲಹೆ ಯಾರೇ ಕೊಡಲಿ, ಯಾವ ಊರಲ್ಲಿ, ಯಾವ ತಿಂಗಳಲ್ಲಿ ಅಂತ ಕೇಳಿ.

ನೀರು ಹಾಕುವ ರೀತಿ

ಹೊತ್ತು ಬೆಳಿಗ್ಗೆ. ಸಂಜೆ ಹಾಕಿದರೆ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತು ರಾತ್ರಿಯೆಲ್ಲ ಉಳಿಯುತ್ತದೆ, ಸುಳಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಾರಣವೂ ಇದೆ. ಮಧ್ಯಾಹ್ನ ಮಾಳಿಗೆ ಮೇಲಿನ ಟಾಕಿಯ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಆ ನೀರು ಹಾಕಿದರೆ ಬೇರು ಬೇಯುತ್ತದೆ. ಫ್ರಿಜ್ ನೀರು, ಮಂಜುಗಡ್ಡೆ ಕೂಡ ಬೇಡ. ಒಂದು ತಂಬಿಗೆ ನೀರು ಹಿಂದಿನ ರಾತ್ರಿಯೇ ಗಿಡದ ಪಕ್ಕ ಇಟ್ಟುಬಿಡಿ, ಎರಡರ ಬಿಸಿಯೂ ಒಂದೇ ಆಗಿರುತ್ತದೆ.

ಕುಂಡವನ್ನು ಹೊರಗಿನ ಅಲಂಕಾರದ ಕುಂಡದಿಂದ ತೆಗೆದು ಬಚ್ಚಲಿಗೆ ಒಯ್ಯಿರಿ. ತಂಬಿಗೆಯಿಂದ ಸುತ್ತಲೂ ನಿಧಾನ ಸುರಿಯಿರಿ, ನಡುವಿನ ಸುಳಿಗೆ ತಾಗದಂತೆ. ಸುಮಾರು 250 ಮಿಲಿಲೀಟರ್ ಹಾಕಿ ನಿಲ್ಲಿಸಿ. ಐದು ನಿಮಿಷ ಕಾಯಿರಿ. ಒಣ ಸಿಪ್ಪೆ ಮೊದಲ ನೀರನ್ನು ಹಿಡಿಯುವುದಿಲ್ಲ, ಜಾರಿಸಿಬಿಡುತ್ತದೆ. ಎರಡನೇ ಸುತ್ತಿನಲ್ಲೇ ಅದು ನಿಜವಾಗಿ ಕುಡಿಯುವುದು. ಇನ್ನೊಂದು 250 ಹಾಕಿ. ಈಗ ಬೇರುಗಳು ಒಂದೊಂದಾಗಿ ಹಸಿರಾಗುವುದು ಕಾಣುತ್ತದೆ. ಕುಂಡವನ್ನು ಓರೆ ಮಾಡಿ ಹಿಡಿಯಿರಿ, ತಳದ ತೂತಿನಿಂದ ಕೊನೆಯ ಹನಿ ಬೀಳುವವರೆಗೆ. ಹದಿನೈದು ನಿಮಿಷ ಸೋರಲು ಬಿಟ್ಟು ಆಮೇಲೆ ಜಾಗಕ್ಕೆ ಇಡಿ. ಸುಳಿಯಲ್ಲಿ ಹನಿ ಉಳಿದಿದ್ದರೆ ಹತ್ತಿಯ ತುದಿಯಿಂದ ಹೀರಿ ತೆಗೆಯಿರಿ.

ಪಾಚಿ ತುಂಬಿದ ಕುಂಡ ಪೂರ್ತಿ ಒಣಗಿ ಹಗುರಾಗಿದ್ದರೆ ಮೇಲಿಂದ ಹಾಕಿದ ನೀರು ಪಕ್ಕದಿಂದ ಓಡಿಹೋಗುತ್ತದೆ. ಆಗ ಕುಂಡದ ಮುಕ್ಕಾಲು ಮುಳುಗುವಷ್ಟು ನೀರಿನಲ್ಲಿ ಕಾಲು ಗಂಟೆ ಕೂರಿಸಿ.

ದಿನಕ್ಕೆ ಸ್ವಲ್ಪ ಸ್ವಲ್ಪ ಚಿಮುಕಿಸುವ ಅಭ್ಯಾಸ ಇದ್ದರೆ ಬಿಡಿ. ಮೇಲಿನ ಬೇರು ಕೊಳೆಯುತ್ತದೆ, ಕೆಳಗಿನ ಬೇರು ಒಣಗುತ್ತದೆ. ಹಾಕಿದರೆ ಮಳೆ ಸುರಿದ ಹಾಗೆ ಹಾಕಿ, ಆಮೇಲೆ ಒಣಗಲು ಬಿಡಿ.

ಗೊಬ್ಬರದ ಮಾತು ಎರಡೇ ಸಾಲು. ದ್ರಾಕ್ಷಿ ತೋಟದವರು ಬಳಸುವ ನೀರಲ್ಲಿ ಕರಗುವ 19:19:19 ನಮ್ಮ ಎಲ್ಲ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಲೀಟರ್‌ಗೆ ಅರ್ಧ ಗ್ರಾಂ, ಮೂರು ಸಲಕ್ಕೊಮ್ಮೆ, ಹೊಸ ಎಲೆ ಬೇರು ಬರುವ ಕಾಲದಲ್ಲಿ ಮಾತ್ರ.

ಗಾಳಿಯ ತೇವ: ನಿಜವಾದ ಕಷ್ಟ ಇಲ್ಲಿದೆ

ಫಲೆನಾಪ್ಸಿಸ್‌ಗೆ ಗಾಳಿಯಲ್ಲಿ ಶೇಕಡಾ 50ರಿಂದ 70 ತೇವ ಇದ್ದರೆ ಸುಖ. 40 ಇದ್ದರೂ ತಡೆದುಕೊಳ್ಳುತ್ತದೆ. ನಮ್ಮ ಮನೆಯ ಹಾಲ್‌ನಲ್ಲಿ ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಮೀಟರ್ ತೋರಿಸಿದ್ದು 19.

ಮೀಟರ್ ಅಂದರೆ ಹೈಗ್ರೋಮೀಟರ್. ಮುನ್ನೂರು ನಾನೂರು ರೂಪಾಯಿಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದೊಂದು ಸಿಗುತ್ತದೆ. ಅಗ್ಗದ್ದು ಸುಳ್ಳು ಹೇಳುವುದೂ ಉಂಟು, ಪರೀಕ್ಷೆ ಮಾಡಿಕೊಳ್ಳಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಿನಂತೆ ಆಗುವಷ್ಟು ಮಾತ್ರ ನೀರು ಹನಿಸಿ. ಉಪ್ಪು ಕರಗಿ ಹೋಗಬಾರದು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಆ ಉಪ್ಪು ಮತ್ತು ಮೀಟರ್ ಎರಡನ್ನೂ ಇಟ್ಟು ಹನ್ನೆರಡು ಗಂಟೆ ಬಿಡಿ. ಒಳಗಿನ ತೇವ 75ಕ್ಕೆ ನಿಲ್ಲುತ್ತದೆ. ಮೀಟರ್ 69 ತೋರಿಸಿದರೆ ಅದು ಆರು ಕಡಿಮೆ ಹೇಳುತ್ತದೆ ಅಂತ ಲೆಕ್ಕ. ಮೀಟರ್ ಬೇಡ ಅನ್ನುವವರಿಗೆ ರೊಟ್ಟಿ ಇದ್ದೇ ಇದೆ. ತಟ್ಟೆಯಲ್ಲಿ ತೆರೆದಿಟ್ಟ ಖಡಕ್ ರೊಟ್ಟಿ ಮರುದಿನವೂ ಸದ್ದು ಮಾಡಿ ಮುರಿದರೆ ನಿಮ್ಮ ಗಾಳಿ ಆರ್ಕಿಡ್‌ಗೆ ಒಣ.

ಇನ್ನು ಉಪಾಯಗಳು. ಎಲ್ಲವನ್ನೂ ಮಾಡಿ ನೋಡಿದ್ದೇನೆ, ಎಲ್ಲವೂ ಒಂದೇ ತೂಕದವಲ್ಲ.

ಸ್ಪ್ರೇ ಬಾಟಲಿ: ಎಲ್ಲರೂ ಮೊದಲು ಮಾಡುವುದು ಇದೇ, ಉಪಯೋಗ ಎಲ್ಲಕ್ಕಿಂತ ಕಡಿಮೆ. ನಮ್ಮ ಒಣ ಗಾಳಿಯಲ್ಲಿ ಹನಿ ಕೆಲವೇ ನಿಮಿಷದಲ್ಲಿ ಹಾರಿಹೋಗುತ್ತದೆ, ಎಲೆಯ ಮೇಲೆ ಉಪ್ಪಿನ ಚುಕ್ಕೆ ಉಳಿಯುತ್ತದೆ. ಹೊರಗೆ ಚಾಚಿದ ಬೇರಿಗೆ ಬೆಳಿಗ್ಗೆ ಒಮ್ಮೆ ಸ್ಪ್ರೇ ಮಾಡುವುದು ಒಳ್ಳೆಯದು. ಹೂವಿನ ಮೇಲೆ ಬೇಡ, ಚುಕ್ಕೆ ಬೀಳುತ್ತವೆ.

ಹರಳುಕಲ್ಲಿನ ತಟ್ಟೆ: ತಟ್ಟೆಯಲ್ಲಿ ಕಲ್ಲು, ಕಲ್ಲಿನ ಅರ್ಧಕ್ಕೆ ನೀರು, ಮೇಲೆ ಕುಂಡ. ಕುಂಡದ ತಳ ನೀರಿಗೆ ತಾಗಬಾರದು. ಫ್ಯಾನ್ ತಿರುಗುವ ಕೋಣೆಯಲ್ಲಿ ಇದರಿಂದ ಹೆಚ್ಚುವುದು ನಾಲ್ಕೈದು ಅಂಕಿ ಅಷ್ಟೇ. ಬೆಳಗಾವಿಯ ಫೆಬ್ರವರಿಗೆ ಸಾಕು, ವಿಜಯಪುರದ ಏಪ್ರಿಲ್‌ಗೆ ಸಾಲದು. ನೀರು ವಾರಕ್ಕೆ ಎರಡು ಸಲ ಚೆಲ್ಲಿ ಬದಲಿಸಿ, ಡೆಂಗಿ ಸೊಳ್ಳೆಗೆ ಇಂಥದ್ದೇ ಜಾಗ ಬೇಕು.

ಹಳೆ ಗಡಿಗೆ: ಇದು ನನ್ನ ಮೆಚ್ಚಿನದು. ಬೇಸಿಗೆಯಲ್ಲಿ ಗಡಿಗೆಯ ನೀರು ಯಾಕೆ ತಂಪಾಗುತ್ತದೆ? ಮಣ್ಣಿನ ಗೋಡೆಯಿಂದ ನೀರು ಬೆವರಿನ ಹಾಗೆ ಹೊರಬಂದು ಆರುತ್ತದೆ, ಆರುವಾಗ ಬಿಸಿ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ಜಾಸ್ತಿ ತಂಪು. ಮಳೆಗಾಲದಲ್ಲಿ ಅದೇ ಗಡಿಗೆ ಅಷ್ಟು ತಂಪು ಮಾಡುವುದಿಲ್ಲ. ಈ ಗುಣವನ್ನೇ ಗಿಡಕ್ಕೆ ಬಳಸಬಹುದು. ಅಗಲ ಬಾಯಿಯ, ಬಣ್ಣ ಬಳಿಯದ ಮಣ್ಣಿನ ಗಡಿಗೆ ತನ್ನಿ. ಬಾಯಿ ಒಡೆದದ್ದಾದರೂ ನಡೆಯುತ್ತದೆ. ತಳದಲ್ಲಿ ಎರಡು ಇಂಚು ಇಟ್ಟಿಗೆ ಚೂರು ಹಾಕಿ ಚೆನ್ನಾಗಿ ತೋಯಿಸಿ. ಅದರ ಮೇಲೆ ಒಂದು ಮಣ್ಣಿನ ಪಣತಿ ಬೋರಲು ಹಾಕಿ, ಪಣತಿಯ ಮೇಲೆ ಆರ್ಕಿಡ್ ಕುಂಡ ಇಡಿ. ಕುಂಡದ ಸುತ್ತ ಎರಡು ಬೆರಳು ಜಾಗ ಇರಲಿ, ಎಲೆಗಳು ಗಡಿಗೆಯ ಬಾಯಿಯಿಂದ ಮೇಲಿರಲಿ. ಗಡಿಗೆಯ ಗೋಡೆಗೆ ಹೊರಗಿನಿಂದ ಬೆಳಿಗ್ಗೆ ಸಂಜೆ ನೀರು ಸವರಿ. ಕೋಣೆಯಲ್ಲಿ 24 ಇದ್ದಾಗ ಗಡಿಗೆಯ ಬಾಯಿಯ ಬಳಿ ನನ್ನ ಮೀಟರ್ 50ರ ಹತ್ತಿರ ಇತ್ತು. ಕರೆಂಟ್ ಬೇಡ, ಸದ್ದಿಲ್ಲ.

ಕೂಲರ್: ನಮ್ಮ ಮನೆಗಳಲ್ಲಿ ಹೇಗೂ ಇರುತ್ತದೆ. ಕೂಲರ್ ಮಾಡುವುದೂ ಗಡಿಗೆಯ ಕೆಲಸವನ್ನೇ, ಒಣ ಗಾಳಿಗೆ ನೀರು ಕುಡಿಸುವುದು. ಕೂಲರ್ ಹಚ್ಚಿದ ಅರ್ಧ ಗಂಟೆಗೆ ಹಾಲ್‌ನ ತೇವ 19ರಿಂದ 45 ದಾಟಿತು. ಹಾಗಂತ ಗಿಡವನ್ನು ಅದರ ಬಾಯಿಗೆ ಇಡಬೇಡಿ. ಗಾಳಿಯ ಹೊಡೆತಕ್ಕೆ ಮೊಗ್ಗು ಉದುರುತ್ತವೆ. ಏಳೆಂಟು ಅಡಿ ದೂರ, ಪಕ್ಕಕ್ಕೆ ಸರಿಸಿ ಇಡಿ. ಏಸಿ ಇರುವ ಕೋಣೆ ಇದಕ್ಕೆ ಉಲ್ಟಾ. ಏಸಿ ಗಾಳಿಯಿಂದ ನೀರು ಹಿಂಡಿ ತೆಗೆಯುತ್ತದೆ. ತಂಪಿದೆ ಅಂತ ಗಿಡವನ್ನು ಅಲ್ಲಿಗೆ ಒಯ್ಯುವವರು ಇದನ್ನು ನೆನಪಿಡಿ.

ಹ್ಯುಮಿಡಿಫೈಯರ್: ಒಳ್ಳೆಯದೇ. ಆದರೆ ಬೋರ್ ನೀರು ಹಾಕಿದರೆ ಟಿವಿ, ಎಲೆ, ಕನ್ನಡಿ ಎಲ್ಲದರ ಮೇಲೂ ಬಿಳಿ ಪುಡಿ ಕೂರುತ್ತದೆ. ಆರ್‌ಒ ನೀರೇ ಬೇಕು.

ಹೊತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆಯುತ್ತವೆ. ಫಲೆನಾಪ್ಸಿಸ್ ಪಾಪಸುಕಳ್ಳಿಯ ಹಾಗೆ ಹೆಚ್ಚಾಗಿ ರಾತ್ರಿ ತೆರೆಯುತ್ತದೆ. ಹಗಲಿನ ಬಿಸಿಗೆ ಬಾಗಿಲು ಮುಚ್ಚಿ ಕೂತು, ರಾತ್ರಿ ಉಸಿರಾಡುವ ಗಿಡ. ಹಾಗಾಗಿ ಮಧ್ಯಾಹ್ನದ 19 ನೋಡಿ ಗಾಬರಿ ಬೇಡ. ಸಂಜೆಯಿಂದ ಬೆಳಗಿನವರೆಗೆ ತೇವ ಸಿಗುವಂತೆ ನೋಡಿಕೊಳ್ಳಿ. ಗಡಿಗೆಗೆ ನೀರು ಸವರಲು ಸಂಜೆ ಏಳು ಒಳ್ಳೆಯ ಹೊತ್ತು. ಬೇರಿಗೆ ಬೆಳಿಗ್ಗೆ, ಗಾಳಿಗೆ ಸಂಜೆ.

ಇಡುವ ಜಾಗವೂ ತೇವದ ಲೆಕ್ಕಕ್ಕೆ ಸೇರಿದ್ದೇ. ಪೂರ್ವದ ಕಿಟಕಿ, ತೆಳು ಪರದೆಯ ಹಿಂದೆ. ಪಶ್ಚಿಮದ ಕಿಟಕಿಯಲ್ಲಿ ಇಟ್ಟರೆ ಗಡಿಗೆ, ಕೂಲರ್ ಯಾವುದೂ ಉಳಿಸುವುದಿಲ್ಲ. ದಪ್ಪ ಗೋಡೆಯ ಹಳೆ ಮಾಳಿಗೆ ಮನೆ ಇರುವವರು ಪುಣ್ಯವಂತರು, ಆರ್‌ಸಿಸಿ ಮನೆಗಿಂತ ಅಲ್ಲಿ ಗಿಡ ಆರಾಮಾಗಿರುತ್ತದೆ.

ಬೆಳಗಾವಿಯವರಿಗೆ ಬೇರೆ ಪಾಠ

ಅಕ್ಕನಿಗೂ ಒಂದು ಗಿಡ ಕೊಟ್ಟಿದ್ದೆ. ಅವಳ ಕಷ್ಟ ನನ್ನದಕ್ಕೆ ಉಲ್ಟಾ. ಮಿರಗದ ಮಳೆ ಹಿಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ. ಕಿಟಕಿ ಮುಚ್ಚಿದ ಮನೆಯಲ್ಲಿ ತೇವ 85 ದಾಟುತ್ತದೆ. ಅಲ್ಲಿ ಗಡಿಗೆ, ಕಲ್ಲಿನ ತಟ್ಟೆ ಎಲ್ಲ ತೆಗೆದು ಅಟ್ಟಕ್ಕೆ ಹಾಕಬೇಕು. ಗಾಳಿ ಆಡುವುದೇ ಅಲ್ಲಿ ಔಷಧಿ. ಫ್ಯಾನ್ ಒಂದರಲ್ಲಿ ಇಟ್ಟು, ಗಿಡಕ್ಕೆ ನೇರ ಬಡಿಯದಂತೆ ಹಗಲೆಲ್ಲ ತಿರುಗಲಿ. ತೇವ ಇದ್ದು ಗಾಳಿ ನಿಂತರೆ ಎಲೆಯ ಮೇಲೆ ನೀರುಗುಳ್ಳೆಯಂಥ ಕಂದು ಚುಕ್ಕೆ ಬರುತ್ತವೆ, ದಿನದಿನಕ್ಕೆ ಹರಡುತ್ತವೆ. ಚುಕ್ಕೆ ಕಂಡ ಕೂಡಲೇ ಕತ್ತರಿಯನ್ನು ಬೆಂಕಿಗೆ ಹಿಡಿದು ಆರಿಸಿ, ಒಂದು ಬೆರಳು ಒಳಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಸವರಿ. ಬೇರಿಗೆ ಮಾತ್ರ ಆ ಪುಡಿ ತಾಗಿಸಬೇಡಿ, ಒಣಗಿಸಿಬಿಡುತ್ತದೆ.

ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರು ಪಕ್ಕದಲ್ಲೇ ಇದ್ದರೂ ಬೇಸಿಗೆಯ ಮನೆಯೊಳಗಿನ ಗಾಳಿ ವಿಜಯಪುರದ ಹಾಗೆಯೇ ಒಣ. ನನ್ನ ಲೆಕ್ಕವೇ ಅಲ್ಲಿಗೂ ಸರಿ.

ಚಳಿಗಾಲದಲ್ಲಿ ಮೂರೂ ಊರಿನವರು ಒಂದು ವಿಷಯ ಗಮನಿಸಿ. ನವೆಂಬರ್, ಡಿಸೆಂಬರ್‌ನ ತಂಪಿಗೆ ಹೂದಂಟು ಹೊರಡುತ್ತದೆ, ಆ ತಂಪು ಬೇಕು. ಆದರೆ ರಾತ್ರಿ 15 ಡಿಗ್ರಿಗಿಂತ ಕೆಳಗೆ ಹೋದರೆ ಕಿಟಕಿಯಿಂದ ಒಳಗೆ ತನ್ನಿ. ಈ ಕಾಲದಲ್ಲಿ ಗಾಳಿ ಒಣಗಿದ್ದರೂ ಕುಂಡ ನಿಧಾನ ಒಣಗುತ್ತದೆ. ತುಟಿ ಒಡೆಯುತ್ತಿದೆ ಅಂತ ಗಿಡಕ್ಕೂ ನೀರು ಜಾಸ್ತಿ ಮಾಡಬೇಡಿ.

ಎಲೆ ಸುಕ್ಕಾದರೆ

ಇಲ್ಲೇ ಎಲ್ಲರೂ ಮೋಸ ಹೋಗುವುದು. ನೀರು ಕಡಿಮೆಯಾದರೂ ಎಲೆ ಸುಕ್ಕಾಗುತ್ತದೆ, ಜಾಸ್ತಿಯಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ. ಎಲೆ ನೋಡಿ ತೀರ್ಮಾನ ಮಾಡಬೇಡಿ. ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ಹಿಚುಕಿ ನೋಡಿ.

ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಬಾಯಾರಿದೆ, ಕಾಲು ಗಂಟೆ ನೀರಲ್ಲಿ ಕೂರಿಸಿ. ಹಸಿರು ಗಟ್ಟಿಯಾಗಿದ್ದೂ ಎಲೆ ಸುಕ್ಕಾಗಿದ್ದರೆ ಗಾಳಿ ಒಣ, ಗಡಿಗೆ ತನ್ನಿ. ಕಂದು ಮೆತ್ತಗಾಗಿ, ಎಳೆದರೆ ಸಿಪ್ಪೆ ಜಾರಿ ದಾರದಂಥ ಎಳೆ ಉಳಿದರೆ ಕೊಳೆತಿದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ಒಂದು ದಿನ ನೆರಳಲ್ಲಿ ಗಾಯ ಆರಲು ಬಿಟ್ಟು, ಚಿಕ್ಕ ಕುಂಡದಲ್ಲಿ ಹೊಸ ಸಿಪ್ಪೆ ಹಾಕಿ ನೆಡಿ. ಈಗ ನೀರು ಹೀರಲು ಬೇರು ಕಡಿಮೆ, ಹಾಗಾಗಿ ಗಾಳಿಯ ತೇವ ಜಾಸ್ತಿ ಬೇಕು. ಕುಂಡ ಸಮೇತ ದೊಡ್ಡ ಪಾರದರ್ಶಕ ಚೀಲದೊಳಗೆ ಇಟ್ಟು, ಬಾಯಿ ಸಡಿಲ ಕಟ್ಟಿ, ನೆರಳಲ್ಲಿ ಇಡಿ. ದಿನಕ್ಕೊಮ್ಮೆ ಹತ್ತು ನಿಮಿಷ ತೆರೆಯಿರಿ. ಹೊಸ ಬೇರಿನ ಹಸಿರು ತುದಿ ಕಾಣಲು ಒಂದೆರಡು ತಿಂಗಳು ಹಿಡಿಯಬಹುದು. ಹೂದಂಟು ಇದ್ದರೆ ಮನಸ್ಸು ಕಲ್ಲು ಮಾಡಿಕೊಂಡು ಕತ್ತರಿಸಿ.

ಮೊಗ್ಗು ಅರಳದೆ ಹಳದಿಯಾಗಿ ಉದುರಿದರೆ ಒಣ ಗಾಳಿ, ಕೂಲರ್ ಹೊಡೆತ, ಇಲ್ಲವೇ ಮಾವಿನ ಹಣ್ಣು. ಹೌದು, ಮಾವು. ಹುಲ್ಲಿನಲ್ಲಿ ಮಾವು ಮಾಗಿಸಲು ಇಟ್ಟ ಕೋಣೆಯಲ್ಲಿ ಎಥಿಲೀನ್ ಅನಿಲ ತುಂಬುತ್ತದೆ, ಅದು ಮೊಗ್ಗು ಉದುರಿಸುತ್ತದೆ. ಬಾಳೆಗೊನೆಯೂ ಹಾಗೆಯೇ. ಒಂದು ಮೇ ತಿಂಗಳು ನನ್ನ ಆರು ಮೊಗ್ಗು ಹೀಗೆ ಹೋದವು. ಮಾವು ಮಾತ್ರ ಚೆನ್ನಾಗಿದ್ದವು.

ಹತ್ತು ದಿನ ಊರಿಗೆ ಹೋಗುವಾಗ

ಬೇಸಿಗೆ ರಜೆಯಲ್ಲಿ ಮನೆ ಬೀಗ ಹಾಕಿ ಹೋಗುವುದು ಇದ್ದೇ ಇರುತ್ತದೆ. ಹೊರಡುವ ದಿನ ಬೆಳಿಗ್ಗೆ ಪೂರ್ತಿ ತೋಯಿಸಿ, ಅರ್ಧ ಗಂಟೆ ಸೋರಲು ಬಿಡಿ. ಸುಳಿ ಒರೆಸಿ. ಗಿಡವನ್ನು ಕಿಟಕಿಯಿಂದ ತೆಗೆದು ಮನೆಯ ಎಲ್ಲಕ್ಕಿಂತ ತಂಪಾದ, ಮಂದ ಬೆಳಕಿನ ಕೋಣೆಗೆ ಒಯ್ಯಿರಿ. ಬಚ್ಚಲಿಗೆ ಕಿಟಕಿ ಇದ್ದರೆ ಅದೇ ಒಳ್ಳೆಯ ಜಾಗ. ಗಡಿಗೆಯ ಇಟ್ಟಿಗೆ ಚೂರಿಗೆ ನೀರು ತುಂಬಿ, ಪಕ್ಕದಲ್ಲಿ ಬಕೆಟ್‌ನಲ್ಲಿ ನೀರಿಟ್ಟು, ಒಂದು ಹಳೆ ಟವೆಲ್‌ನ ಒಂದು ತುದಿ ನೀರಿನೊಳಗೆ, ಇನ್ನೊಂದು ತುದಿ ಗಡಿಗೆಯ ಹೊರಗೋಡೆಗೆ ಸುತ್ತಿರುವಂತೆ ಮಾಡಿ. ಬಕೆಟ್ ಸ್ವಲ್ಪ ಎತ್ತರದಲ್ಲಿರಲಿ, ಬಾಯಿಗೆ ಬಟ್ಟೆ ಕಟ್ಟಿ.

ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವುದಾದರೆ, "ಗಡಿಗೆಗೆ ನೀರ್ ಹಚ್ಚ್ರಿ, ಗಿಡಕ್ಕ ಹಾಕಬ್ಯಾಡ್ರಿ" ಅಂತ ಎರಡು ಸಲ ಹೇಳಿ. ವಾಪಸ್ ಬಂದ ರಾತ್ರಿ ಎಲೆ ಸ್ವಲ್ಪ ಜೋತಿದ್ದರೂ ತಂಬಿಗೆ ಎತ್ತಬೇಡಿ. ಬೇರಿನ ಬಣ್ಣ ನೋಡಿ ಮಲಗಿ, ನೀರು ಬೆಳಿಗ್ಗೆ.